ಬೆಳೆಯುವ ಮಕ್ಕಳ ಮೈಕಟ್ಟು

ಹದಿಮೂರು ಹದಿನಾಲ್ಕರ ಪ್ರಾಯದ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಹೊಸ ಬಗೆಯ ವ್ಯಾಕುಲವೊಂದು ಕಾಣಿಸಿಕೊಳ್ಳುತ್ತಲಿದೆ. ಹುಡುಗಿಯು ಅರ್ಧ ರೊಟ್ಟಿಗೇ ಕೈ ತೊಳೆದು ಏಳುವಳು. ಹುಡುಗನು ಅಂಗಿ ಕಳಚಬೇಕಾದೀತೆಂದು ಬಾವಿಗೆ ಈಜಲು ಹೋಗಲೊಲ್ಲನು. ಕಾರಣವನ್ನು ಕೇಳಿದರೆ ಇಬ್ಬರೂ ಬಾಯಿಬಿಡರು. ನಮ್ಮ ಉಚ್ಚಂಗಿದುರ್ಗದಂತಹ ಊರಿನಲ್ಲಿಯೂ ಇದುಂಟೆಂದರೆ ಪಟ್ಟಣದ ವಾಚಕರು ಆಶ್ಚರ್ಯಪಡಬಹುದು. ಫೋನಿನಲ್ಲಿ ಬರುವ ಚಿತ್ರಗಳಿಗೆ ಪಟ್ಟಣ, ಹಳ್ಳಿ ಎಂಬ ಭೇದವಿಲ್ಲವಷ್ಟೆ.

ಪ್ರಾಯಕ್ಕೆ ಬರುವಾಗ ಹೆಣ್ಣುಮಕ್ಕಳ ಸೊಂಟ ತೊಡೆಗಳಲ್ಲಿ ಮೇದಸ್ಸು ಸೇರುವುದು ಪ್ರಕೃತಿನಿಯಮವೇ ಹೊರತು ರೋಗವಲ್ಲ. ಎಷ್ಟೋ ಮಕ್ಕಳು ಮೊದಲು ಮೈತುಂಬಿಕೊಂಡು ಅನಂತರ ಎತ್ತರವಾಗುವರು. ಆದುದರಿಂದಲೇ ವೈದ್ಯರು ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹಚ್ಚದೆ ವಯಸ್ಸಿಗೆ ತಕ್ಕ ಪಟ್ಟಿಯನ್ನು ನೋಡುವರು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿಯೂ, ಭಾರತೀಯ ಶಿಶುವೈದ್ಯರ ಸಂಘವು 2015ರಲ್ಲಿಯೂ ಇಂತಹ ಪಟ್ಟಿಗಳನ್ನು ಪ್ರಕಟಿಸಿವೆ. ಅಂಗಡಿಯ ತಕ್ಕಡಿಯ ಮೇಲೆ ಹತ್ತಿಸಿ ನಾಲ್ವರ ಮುಂದೆ ತೀರ್ಪು ಹೇಳುವುದು ಸಲ್ಲದು.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಲೋಕನಿಂದಿತರಾದ ಎಂಟು ಬಗೆಯವರನ್ನು ಎಣಿಸಿದೆ. ಅತಿ ಉದ್ದನೆಯವನು, ಅತಿ ಗಿಡ್ಡನು, ಅತಿ ಕಪ್ಪಿನವನು, ಅತಿ ಬಿಳುಪಿನವನು ಮೊದಲಾದವರೊಡನೆ ಅತಿಸ್ಥೂಲನೂ ಅತಿಕೃಶನೂ ಒಂದೇ ಪಂಕ್ತಿಯಲ್ಲಿರುವರು. ಮೈಯನ್ನು ಆಡಿಕೊಳ್ಳುವ ಚಟವು ಎಷ್ಟು ಪುರಾತನವಾದುದು ನೋಡಿರಿ! ಆದರೆ ಆಚಾರ್ಯನು ಆಡಿಕೊಂಡು ಸುಮ್ಮನಾಗಲಿಲ್ಲ. ಸ್ಥೂಲತೆಯ ಕಾರಣಗಳನ್ನು ಹೇಳುತ್ತ ಅತಿಭೋಜನ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ದೆಗಳ ಜೊತೆಗೆ ಬೀಜಸ್ವಭಾವವನ್ನೂ ಸೇರಿಸಿದನು. ತಂದೆತಾಯಿಗಳಿಂದ ಬಂದ ಮೈಕಟ್ಟಿಗಾಗಿ ತಂದೆತಾಯಿಗಳೇ ಮಗುವನ್ನು ಹಳಿಯುವುದು ವಿಚಿತ್ರವಲ್ಲವೆ?

ನಮ್ಮ ಪರಿಚಯದ ಮನೆಯೊಂದರಲ್ಲಿ ಅಜ್ಜಿಯು ಮೊಮ್ಮಗಳನ್ನು ನೋಡಿ, "ಈ ಡುಮ್ಮಿಗೆ ಗಂಡು ಎಲ್ಲಿ ಹುಡುಕ್ತೀರವ್ವಾ" ಎಂದು ನಕ್ಕರು. ಅಕ್ಕರೆಯ ಮಾತೇ ಸರಿ. ಹುಡುಗಿಯು ಸೋಮವಾರದ ಉಪವಾಸವನ್ನು ಹಿಡಿದಳು. ಆಮೇಲೆ ಶುಕ್ರವಾರ, ಆಮೇಲೆ ಶನಿವಾರ. ಮಗಳಿಗೆ ದೈವಭಕ್ತಿ ಬಂದಿತೆಂದು ಮನೆಯವರು ಹಿಗ್ಗಿದರು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಅವಳು ತಲೆ ತಿರುಗಿ ಬಿದ್ದಾಗ ವ್ರತದ ಒಳಗುಟ್ಟು ಹೊರಬಿದ್ದಿತು. ತಾಯಿ ಮಗಳನ್ನು ಗದರಿಸಲಿಲ್ಲ. ಅತ್ತೆಯ ಬಳಿ ಕುಳಿತು, "ಅತ್ತಿ, ಇನ್ನ ಮುಂದ ನೀವೂ ನಾವೂ ಆಕಿ ಮೈ ಸುದ್ದಿ ಎತ್ತೋದು ಬ್ಯಾಡ್ರಿ" ಎಂದಳು. ಸೊಸೆಗೆ ಅದು ಸುಲಭವಾಗಿದ್ದಿರಲಾರದು. ಅಮೆರಿಕದ ಶಿಶುವೈದ್ಯರ ಸಂಸ್ಥೆಯು 2016ರಲ್ಲಿ ಹೇಳಿದುದೂ ಇದನ್ನೇ: ಮನೆಯಲ್ಲಿ ತೂಕದ ಮಾತು, ಹಾಸ್ಯ, ಊಟ ಬಿಡಿಸುವುದು ಇವು ಕೂಡದು, ಎಲ್ಲರೂ ಒಟ್ಟಿಗೆ ಉಣ್ಣುವುದು ಹಿತ.

ಒಟ್ಟಿಗೆ ಎಂದರೆ ಒಂದೇ ಅಡಿಗೆ. ಅಣ್ಣನಿಗೆ ಮಿರ್ಚಿ ಮಂಡಕ್ಕಿ, ತಂಗಿಗೆ ಬರಿಯ ಸೌತೆಕಾಯಿ ಎಂಬ ಪಂಕ್ತಿಭೇದವನ್ನು ಮಾಡಬಾರದು. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆಗಳು ದಪ್ಪನೆಯ ಮಗುವಿಗೂ ತೆಳ್ಳನೆಯದಕ್ಕೂ ಸಮವಾಗಿ ಒಗ್ಗುವುವು. ಮಿರ್ಚಿಯು ಸಂತೆಯ ದಿನಕ್ಕಿರಲಿ, ಎಲ್ಲರಿಗೂ ಇರಲಿ. ದಿನಕ್ಕೆ 60 ನಿಮಿಷ ಮೈ ದಣಿಯುವ ಆಟವಿರಬೇಕು. ಹುಣ್ಣಿಮೆಗೆ ಉಚ್ಚಂಗಮ್ಮನ ಗುಡ್ಡವನ್ನು ಮನೆಮಂದಿಯೆಲ್ಲ ಹತ್ತುವುದು ಚೆನ್ನು. "ಕರಗಲಿ, ಹತ್ತು" ಎಂದು ಒಬ್ಬಳನ್ನೇ ಅಟ್ಟಿದರೆ ಅವಳಿಗೆ ಗುಡ್ಡವೂ ಬೇಡವಾಗುವುದು, ದೇವಿಯೂ ಬೇಡವಾಗುವಳು.

ಕೆಲವು ಲಕ್ಷಣಗಳನ್ನು ಮಾತ್ರ ಅಲಕ್ಷಿಸಕೂಡದು. ದಪ್ಪನೆಯ ಮಗುವಿನ ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ಕಪ್ಪಾದರೆ ಕೊಳೆಯೆಂದು ಕೆಲವು ತಾಯಂದಿರು ಕಲ್ಲಿನಿಂದ ತಿಕ್ಕುವರು. ಅದು ಕೊಳೆಯಲ್ಲ, ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕೆಂಬ ಸೂಚನೆ. ಮುಟ್ಟು ನಿಲ್ಲುವುದು, ಉಂಡ ಮೇಲೆ ಗುಟ್ಟಾಗಿ ವಾಂತಿ ಮಾಡುವುದು, ತೂಕವು ಬೇಗಬೇಗನೆ ಇಳಿಯುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಮನಸ್ಸು ಕುಗ್ಗಿದವರಿಗಾಗಿ 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯುಂಟು. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣವಿಲ್ಲ. ಸಂಖ್ಯೆಯನ್ನು ಮಗುವಿಗೂ ಬರೆದುಕೊಡಿರಿ. ನಮಗೆ ಹೇಳಲಾಗದುದನ್ನು ಅಲ್ಲಿ ಹೇಳೀತು.