ಚಪ್ಪಲಿ ಹಾಕಿ ಬೈಕ್ ಓಡಿಸಿದರೆ ದಂಡವಿಲ್ಲ, ಸರಿ. ಹಾಗಾದರೆ ಕಾಲಿಗೆ ಏನು ಹಾಕಬೇಕು?

ಚಪ್ಪಲಿ ಹಾಕಿಕೊಂಡು ಬೈಕ್ ಓಡಿಸಿದರೆ ಪೊಲೀಸರು ದಂಡ ಹಾಕುತ್ತಾರೆ ಎಂಬ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ ದಂಡದ ಮೊತ್ತ ಏರಿದಾಗ ಹುಟ್ಟಿದ ಈ ಸುದ್ದಿ ಇಂದಿಗೂ ಅಲ್ಲಲ್ಲಿ ತಲೆ ಎತ್ತುತ್ತದೆ. ಇದು ಸುಳ್ಳು ಎಂದು ಹೇಳುವ ಇನ್ನೊಂದು ಮೆಸೇಜ್ ಕೂಡ ಅದರ ಬೆನ್ನಿಗೇ ಬರುತ್ತದೆ. ಎರಡನೆಯದನ್ನು ಓದಿದವರು "ಹಾಗಾದರೆ ಚಪ್ಪಲಿಯಲ್ಲೇ ಹೋಗಬಹುದು, ತೊಂದರೆ ಇಲ್ಲ" ಎಂದುಕೊಳ್ಳುತ್ತಾರೆ. ಎಡವಟ್ಟಾಗುವುದು ಇಲ್ಲಿ. ದಂಡ ಇಲ್ಲ ಎನ್ನುವುದು ಕಾನೂನಿನ ಮಾತು. ಅಪಾಯ ಇಲ್ಲ ಎಂದು ಯಾರೂ ಹೇಳಿಲ್ಲ.

ಬೈಕ್ ಓಡಿಸುವವರು ಮೊದಲ ಸಲ ಬೂಟ್ ಕೊಳ್ಳುವಾಗ ಏನನ್ನು ನೋಡಬೇಕು, ಯಾವ ಮಾತನ್ನು ನಂಬಬಾರದು ಎಂಬುದನ್ನು ಇಲ್ಲಿ ನೋಡೋಣ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 129ನೇ ಕಲಮು ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡುತ್ತದೆ. ಕಾಲಿಗೆ ಏನು ಹಾಕಬೇಕು ಎಂದು ಅದರಲ್ಲಿ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ ಟ್ವೀಟ್ ಮಾಡಿ, ಚಪ್ಪಲಿ ಹಾಕಿದ್ದಕ್ಕೆ, ಲುಂಗಿ ಉಟ್ಟಿದ್ದಕ್ಕೆ, ಅರ್ಧ ತೋಳಿನ ಅಂಗಿ ತೊಟ್ಟಿದ್ದಕ್ಕೆ ದಂಡ ಹಾಕುವ ನಿಯಮ ಹೊಸ ಕಾಯ್ದೆಯಲ್ಲಿ ಇಲ್ಲ, ವದಂತಿ ನಂಬಬೇಡಿ ಎಂದು ಸ್ಪಷ್ಟಪಡಿಸಿತ್ತು. ಆದ್ದರಿಂದ ದಂಡದ ಮೆಸೇಜ್ ಸುಳ್ಳು.

ಬೀಳುವುದು ಹೈವೇಯಲ್ಲಿ ಮಾತ್ರವೇ?

"ನಾನೇನು ಲಡಾಖ್‌ಗೆ ಹೋಗ್ತೀನಾ? ಮನೆಯಿಂದ ಶಿರಾ ಸಂತೆಗೆ ಹೋಗೋಕೆ ಬೂಟ್ ಯಾಕೆ?" ಎಂಬುದು ಸಾಮಾನ್ಯ ಪ್ರಶ್ನೆ. ಆದರೆ ಗೌಡಗೆರೆ ಹೋಬಳಿಯ ಹಳ್ಳಿಯೊಂದರಿಂದ ಶಿರಾಕ್ಕೋ, ಕೊರಟಗೆರೆ ಕಡೆಯಿಂದ ಮಧುಗಿರಿಗೋ ಬರುವ ದಾರಿಯನ್ನು ನೆನೆಸಿಕೊಳ್ಳಿ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣವಾಗುತ್ತದೆ. ರಾಗಿ ತೆನೆ, ಹುರುಳಿ ಬಳ್ಳಿ ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಹಾಕಿದರೆ ಬೈಕ್ ಜಾರುತ್ತದೆ. ತಿರುವಿನಲ್ಲಿ ಮರಳು, ಜಲ್ಲಿ ಬಿದ್ದಿರುತ್ತದೆ. ದಾರಿ ಪಕ್ಕ ಕಾಲಿಟ್ಟರೆ ಜಾಲಿ ಮುಳ್ಳು, ಅದು ಹವಾಯಿ ಚಪ್ಪಲಿಯನ್ನು ತೂರಿ ಅಂಗಾಲಿಗೇ ಬರುತ್ತದೆ.

ಇಂಥ ಕಡೆ ಬೀಳುವುದು ಹೆಚ್ಚಾಗಿ ನಿಧಾನ ವೇಗದಲ್ಲಿ. ತಲೆಗೆ ಏನೂ ಆಗದೆ ಕಾಲಿಗೆ ಪೆಟ್ಟಾಗುವ ಬೀಳುಗಳು ಇವು. ಬೈಕ್ ವಾಲುತ್ತಿದ್ದಂತೆ ಯಾರೇ ಆದರೂ ಕಾಲು ಊರುತ್ತಾರೆ, ಅದು ತಾನಾಗಿಯೇ ಆಗುವ ಕ್ರಿಯೆ. ಸಾಮಾನ್ಯ 100 ಸಿಸಿ ಬೈಕಿನ ತೂಕ 110 ಕೆ.ಜಿ. ಆಸುಪಾಸು, 350 ಸಿಸಿಯ ಬುಲೆಟ್ ಆದರೆ 190 ಕೆ.ಜಿ. ದಾಟುತ್ತದೆ. ಆ ತೂಕ ಅಡ್ಡಬಿದ್ದಾಗ ಕೆಳಗೆ ಸಿಕ್ಕುವುದು ಪಾದ. ನಮ್ಮ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಹೆಚ್ಚಿನವು ಸಣ್ಣವು, ಮೇಲೆ ಮಾಂಸದ ಹೊದಿಕೆಯೂ ತೆಳು. ಇನ್ನು ಗಂಟೆಗೆ 40 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 11 ಮೀಟರ್. ಆ ವೇಗದಲ್ಲಿ ಬರಿಗಾಲು ಟಾರಿಗೆ ಉಜ್ಜಿದರೆ ಚರ್ಮ ಉಳಿಯುವುದಿಲ್ಲ. ಚಪ್ಪಲಿ ಮೊದಲ ಕ್ಷಣದಲ್ಲೇ ಕಳಚಿ ಹೋಗುವುದರಿಂದ ಚಪ್ಪಲಿ ಹಾಕಿದ ಕಾಲೂ ಆಗ ಬರಿಗಾಲೇ.

ಬೂಟ್ ಹಾಕಿದರೆ ನಿಜವಾಗಿ ಉಪಯೋಗ ಇದೆಯೇ?

ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಭಾಗದಲ್ಲಿ ಅಪಘಾತಕ್ಕೊಳಗಾದ 212 ಬೈಕ್ ಸವಾರರನ್ನು ಲಿಜ್ ಡಿ ರೋಮ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ಷಾಕವಚ ಇರುವ ಬೈಕ್ ಬೂಟ್ ಹಾಕಿದ್ದವರಲ್ಲಿ ಪಾದ ಮತ್ತು ಪಾದದ ಕೀಲಿನ ಗಾಯದ ಸಾಧ್ಯತೆ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ನಮ್ಮ ಓದುಗರಿಗೆ ಮುಖ್ಯವಾದದ್ದು ಮುಂದಿನ ಸಾಲು: ಬೈಕಿಗೆಂದೇ ಮಾಡದ ಸಾಮಾನ್ಯ ಗಟ್ಟಿ ಬೂಟ್ ಹಾಕಿದ್ದವರಲ್ಲೂ, ಶೂ ಅಥವಾ ಓಟದ ಶೂ ಹಾಕಿದ್ದವರಿಗಿಂತ ಗಾಯದ ಸಾಧ್ಯತೆ ಅಷ್ಟೇ ಮಟ್ಟಿಗೆ ಕಡಿಮೆ ಇತ್ತು.

ಹೋಲಿಕೆ ನಡೆದಿದ್ದು ಚಪ್ಪಲಿಯ ಜೊತೆ ಅಲ್ಲ, ಶೂ ಜೊತೆ ಎಂಬುದನ್ನು ಗಮನಿಸಿ.

ಇದಕ್ಕೆ ಎರಡು ಮಿತಿಗಳೂ ಇವೆ. ಒಂದು, ಬೂಟ್ ಹಾಕುವವರು ಸಾಮಾನ್ಯವಾಗಿ ಎಚ್ಚರಿಕೆಯವರೇ ಆಗಿರಬಹುದು. ಎಲ್ಲ ಶ್ರೇಯಸ್ಸೂ ಬೂಟಿಗೇ ಸಲ್ಲದು. ಎರಡು, ರಕ್ಷಾಕವಚದಿಂದ ಮೂಳೆ ಮುರಿತ ಕಡಿಮೆಯಾಯಿತು ಎಂಬುದು ಆ ಅಧ್ಯಯನದಲ್ಲಿ ಕಂಡುಬರಲಿಲ್ಲ. ತರಚು, ಸೀಳು, ಉಳುಕು, ಸುಟ್ಟ ಗಾಯಗಳಿಗೆ ಬೂಟ್ ಒಳ್ಳೆಯ ತಡೆ. "ಈ ಬೂಟ್ ಹಾಕಿದರೆ ಕಾಲು ಮುರಿಯುವುದೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಂಬಿಕೆ 1: ಸ್ಟೀಲ್ ಟೋ ಇರುವ ಶೂ ಬೆರಳನ್ನೇ ಕತ್ತರಿಸುತ್ತದೆ

ಕಾರ್ಖಾನೆಯ ಸೇಫ್ಟಿ ಶೂ ತುದಿಯಲ್ಲಿ ಉಕ್ಕಿನ ಟೊಪ್ಪಿ ಇರುತ್ತದೆ. ಅದು ಬಾಗಿ ಬೆರಳು ಕತ್ತರಿಸುತ್ತದೆ ಎಂಬ ಭಯ ಬಹಳ ಹಳೆಯದು. ಅಮೆರಿಕದ 'ಮಿತ್‌ಬಸ್ಟರ್ಸ್' ಟಿ.ವಿ. ಕಾರ್ಯಕ್ರಮ 2005ರಲ್ಲೇ ಇದನ್ನು ಪರೀಕ್ಷಿಸಿತು. ಅಷ್ಟೇ ಪೆಟ್ಟು ಬಿದ್ದರೆ ಉಕ್ಕಿನ ಟೊಪ್ಪಿ ಇಲ್ಲದ ಪಾದಕ್ಕೇ ಹೆಚ್ಚು ಹಾನಿ ಎಂಬುದು ಅದರಲ್ಲಿ ಕಂಡುಬಂತು. ಸೇಫ್ಟಿ ಶೂಗಳಿಗೆ ಇರುವ ಭಾರತೀಯ ಮಾನದಂಡ ಐಎಸ್ 15298ರಲ್ಲಿ ಟೊಪ್ಪಿ 200 ಜೂಲ್ ಪೆಟ್ಟು ತಡೆಯಬೇಕು. ಅಂದರೆ 20 ಕೆ.ಜಿ. ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು.

ಹಾಗಾದರೆ ಸೇಫ್ಟಿ ಶೂ ಸಾಕೇ? ಅದನ್ನು ಪರೀಕ್ಷಿಸುವುದು ಮೇಲಿನಿಂದ ಬೀಳುವ ಭಾರಕ್ಕೆ. ರಸ್ತೆಗೆ ಉಜ್ಜುವುದಕ್ಕಾಗಲಿ, ಪಕ್ಕದಿಂದ ಬೈಕ್ ಒತ್ತುವುದಕ್ಕಾಗಲಿ ಅಲ್ಲ. ಆದರೂ ಚಪ್ಪಲಿ ಮತ್ತು ಬಟ್ಟೆಯ ಶೂಗಿಂತ ಕೀಲು ಮುಚ್ಚುವ ಎತ್ತರದ ಸೇಫ್ಟಿ ಶೂ ಎಷ್ಟೋ ಮೇಲು. ಬೆಲೆಯೂ ಕಡಿಮೆ, ತಾಲ್ಲೂಕು ಪೇಟೆಗಳಲ್ಲೂ ಸಿಗುತ್ತದೆ.

ನಂಬಿಕೆ 2: ದಪ್ಪಗಿದ್ದರೆ, ದುಬಾರಿಯಾದರೆ ಸುರಕ್ಷಿತ

ಗದ್ದೆಗೆ ಹಾಕುವ ಗಮ್ ಬೂಟ್ ದಪ್ಪಗಿದೆ, ಎತ್ತರವೂ ಇದೆ. ಆದರೆ ಅದು ಸಡಿಲ, ಎಳೆದರೆ ಕಳಚಿಕೊಳ್ಳುತ್ತದೆ. ಹಿಡಿದು ತಿರುಚಿದರೆ ಬಟ್ಟೆಯಂತೆ ತಿರುಗುತ್ತದೆ. ಎತ್ತರ ಹಿಮ್ಮಡಿಯ ಫ್ಯಾಷನ್ ಬೂಟ್ ದುಬಾರಿಯಾದರೂ ಒಳಗೆ ರಟ್ಟು ಇರಬಹುದು.

ಹೆಲ್ಮೆಟ್‌ಗೆ ನಮ್ಮಲ್ಲಿ ಐಎಸ್ 4151 ಗುರುತು ಕಡ್ಡಾಯ. ಬೈಕ್ ಬೂಟಿಗೆ ಅಂಥ ಕಡ್ಡಾಯ ಗುರುತು ಇಲ್ಲ. ಅದಕ್ಕೇ ಹೆಚ್ಚಿನವರು ನೋಡುವುದು ಐರೋಪ್ಯ ಮಾನದಂಡ ಇಎನ್ 13634. ಈ ಗುರುತಿರುವ ಬೂಟಿನ ಒಳಗಿನ ಚೀಟಿಯಲ್ಲಿ ಬೈಕ್ ಸವಾರನ ಚಿತ್ರವೂ ಅದರ ಬಳಿ ನಾಲ್ಕು ಅಂಕಿಗಳೂ ಇರುತ್ತವೆ. ಕ್ರಮವಾಗಿ ಅವು ಬೂಟಿನ ಎತ್ತರ, ಉಜ್ಜುವಿಕೆ ತಡೆ, ಸೀಳು ತಡೆ, ಪಕ್ಕದಿಂದ ಒತ್ತಿದರೆ ಅಪ್ಪಚ್ಚಿಯಾಗದ ಗಟ್ಟಿತನವನ್ನು ಹೇಳುತ್ತವೆ. 1 ಎಂದರೆ ಸಾಕಷ್ಟು, 2 ಎಂದರೆ ಇನ್ನೂ ಮೇಲು.

ಅಂಗಡಿಯವರು "ಸಿಇ ಆರ್ಮರ್ ಇದೆ ಸಾರ್" ಎಂದರೆ, ಕೀಲಿನ ಬಳಿ ಇಟ್ಟ ಪ್ಯಾಡಿಗೆ ಮಾತ್ರ ಪರೀಕ್ಷೆಯಾಗಿರಬಹುದು. ಇಡೀ ಬೂಟಿಗೆ ಆಗಿದೆಯೇ ಎಂದು ಕೇಳಿ, ಚೀಟಿಯಲ್ಲಿ 13634 ಎಂಬ ಸಂಖ್ಯೆ ಇದೆಯೇ ನೋಡಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

ಎತ್ತರ: ಪಾದದ ಎರಡೂ ಬದಿಯಲ್ಲಿ ಉಬ್ಬಿ ನಿಂತ ಮೂಳೆ ಇದೆಯಲ್ಲ, ಅದು ಪೂರ್ತಿ ಮುಚ್ಚಬೇಕು. ಈ ಒಂದು ಅಂಶ ಇಲ್ಲದಿದ್ದರೆ ಉಳಿದದ್ದು ನೋಡುವ ಅಗತ್ಯವೇ ಇಲ್ಲ.

ತಿರುಚಿ ನೋಡಿ: ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಗಿದರೆ ಬೇಡ. ನಡೆಯಲು ಬೇಕಾದಷ್ಟು ಮುಂದೆ ಬಾಗಿದರೆ ಸಾಕು.

ಹಿಂಡಿ ನೋಡಿ: ಹಿಮ್ಮಡಿಯ ಭಾಗವನ್ನೂ ಕೀಲಿನ ಭಾಗವನ್ನೂ ಬೆರಳಿನಿಂದ ಒತ್ತಿ. ಮೆತ್ತಗೆ ಒಳಹೋಗಬಾರದು.

ಎಳೆದು ನೋಡಿ: ಬೂಟ್ ಹಾಕಿ, ಲೇಸ್ ಬಿಗಿದು, ಜೊತೆಯಲ್ಲಿ ಬಂದವರಿಗೆ ಹಿಮ್ಮಡಿ ಹಿಡಿದು ಎಳೆಯಲು ಹೇಳಿ. ಕಳಚಿ ಬಂದರೆ ರಸ್ತೆಯಲ್ಲೂ ಕಳಚುತ್ತದೆ.

ಸೋಲ್: ಗಾಡಿ ನಿಲ್ಲಿಸಿ ಕಾಲೂರುವ ಪೆಟ್ರೋಲ್ ಬಂಕ್‌ನ ನೆಲದಲ್ಲಿ ಎಣ್ಣೆ ಇರುತ್ತದೆ. ನುಣುಪಾದ ಸೋಲ್ ಬೇಡ. ಫುಟ್‌ರೆಸ್ಟ್‌ಗೆ ಸಿಕ್ಕಿ ನಿಲ್ಲುವಂತೆ ಹಿಮ್ಮಡಿಯ ಮುಂದೆ ಚಿಕ್ಕ ಮೆಟ್ಟಿಲು ಇದ್ದರೆ ಒಳ್ಳೆಯದು.

ಲೇಸ್: ಜೋತು ಬಿದ್ದ ಲೇಸ್ ಗೇರ್ ಲಿವರ್‌ಗೆ ಸುತ್ತಿಕೊಂಡರೆ ಕಾಲೂರಲು ಆಗುವುದಿಲ್ಲ. ಲೇಸ್ ಮುಚ್ಚುವ ಪಟ್ಟಿ ಅಥವಾ ಪಕ್ಕದಲ್ಲಿ ಜಿಪ್ ಇರುವುದು ಉತ್ತಮ. ಇಲ್ಲದಿದ್ದರೆ ಕಟ್ಟಿದ ತುದಿಯನ್ನು ಒಳಗೆ ತುರುಕಿ.

ಅಳತೆ: ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಹೋಗಿ. ನೀವು ದಿನಾ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ಬೆರಳುಗಳು ಅಲ್ಲಾಡಬೇಕು, ಹಿಮ್ಮಡಿ ಮೇಲೇಳಬಾರದು. ಎರಡು ಪಾದಗಳಲ್ಲಿ ವ್ಯತ್ಯಾಸ ಇರುವುದು ಸಹಜ, ದೊಡ್ಡ ಪಾದಕ್ಕೆ ಅಳತೆ ಕೊಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹಾಳೆಯ ಮೇಲೆ ಪಾದದ ಗೆರೆ ಎಳೆದು ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಸೈಜ್ ನಂಬರ್ ಒಂದೊಂದು ಕಂಪನಿಗೆ ಒಂದೊಂದು ತರ.

ನಿಮ್ಮ ಬೈಕಿನ ಗೇರ್ ಯಾವ ಬಗೆ?

ವಿದೇಶದ ವಿಡಿಯೊಗಳು ಹೇಳದ ಮಾತೊಂದಿದೆ. ಸ್ಪ್ಲೆಂಡರ್‌ನಂಥ ಬೈಕುಗಳಲ್ಲಿ ಗೇರ್ ಲಿವರ್‌ಗೆ ಹಿಂದೆ ಮುಂದೆ ಎರಡು ಮೆಟ್ಟುಗಳು, ಮುಂದೆ ತುಳಿದರೆ ಗೇರ್ ಏರುತ್ತದೆ, ಹಿಮ್ಮಡಿಯಲ್ಲಿ ತುಳಿದರೆ ಇಳಿಯುತ್ತದೆ. ಇಲ್ಲಿ ಬೂಟಿನ ತುದಿ ದಪ್ಪವಿದ್ದರೂ ನಡೆಯುತ್ತದೆ. ಆದರೆ ಒಂದೇ ಮೆಟ್ಟಿನ ಲಿವರ್ ಇದ್ದು, ಗೇರ್ ಏರಿಸಲು ಕಾಲಿನ ತುದಿಯನ್ನು ಅದರ ಕೆಳಗೆ ತೂರಿಸಿ ಮೇಲೆತ್ತಬೇಕಾದ ಬೈಕುಗಳಲ್ಲಿ ದಪ್ಪ ತುದಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಮೆಕ್ಯಾನಿಕ್ ಹತ್ತಿರ ಲಿವರನ್ನು ಸ್ವಲ್ಪ ಮೇಲಕ್ಕೆ ಹೊಂದಿಸಿಕೊಳ್ಳಬೇಕು.

ಬಲಗಾಲಿನ ವಿಚಾರವೂ ಇದೆ. ದಪ್ಪ ಸೋಲ್ ಹಾಕಿದಾಗ ಬ್ರೇಕ್ ಪೆಡಲ್ ಎಷ್ಟು ಒತ್ತಿದ್ದೇವೆ ಎಂಬುದು ಮೊದಮೊದಲು ಗೊತ್ತಾಗುವುದಿಲ್ಲ. ಹೊಸ ಬೂಟ್ ಹಾಕಿದ ದಿನವೇ ಹೈವೇ ಹತ್ತಬೇಡಿ. ಖಾಲಿ ಮೈದಾನದಲ್ಲಿ ಗೇರ್, ಬ್ರೇಕ್ ಅಭ್ಯಾಸ ಮಾಡಿಕೊಳ್ಳಿ.

ನಮ್ಮ ಬಿಸಿಲಿಗೆ ಬೂಟ್ ಆಗುತ್ತದೆಯೇ?

ಪಾವಗಡ ದೇಶದ ದೊಡ್ಡ ಸೋಲಾರ್ ಪಾರ್ಕುಗಳಲ್ಲೊಂದಕ್ಕೆ ಜಾಗವಾದದ್ದು ಅಲ್ಲಿನ ಬಿಸಿಲಿನಿಂದಲೇ. ಈ ಸೀಮೆಯಲ್ಲಿ ನೀರು ನುಗ್ಗದ ಬೂಟಿಗಿಂತ ಗಾಳಿಯಾಡುವ ಬೂಟ್ ಹೆಚ್ಚು ದಿನ ಕಾಲಲ್ಲಿ ಇರುತ್ತದೆ. ಸೆಕೆ ಎಂದು ಮನೆಯಲ್ಲೇ ಬಿಟ್ಟುಹೋದ ಬೂಟ್ ಯಾರನ್ನೂ ಕಾಯುವುದಿಲ್ಲ. ಹತ್ತಿಯ ಕಾಲುಚೀಲ ದಿನಾ ಬದಲಿಸಿ, ಬೂಟನ್ನು ನೆರಳಲ್ಲಿ ಗಾಳಿಗೆ ಒಣಗಿಸಿ. ಬೆವರು ಒಳಗೇ ಉಳಿದರೆ ಬೆರಳ ಸಂದಿಯಲ್ಲಿ ಶಿಲೀಂಧ್ರ ಸೋಂಕು ಆಗುತ್ತದೆ. ಹೊರಗೆ ಬಿಟ್ಟ ಬೂಟಿನಲ್ಲಿ ಚೇಳು ಸೇರಿಕೊಂಡಿರಬಹುದು, ಕೊಡವಿ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಕಡಿಮೆ ಇರಬಹುದು. ಒಳಗೆ ಕಲ್ಲು, ಮೊಳೆ ಇಲ್ಲವೆಂದು ಕೈ ಹಾಕಿ ನೋಡಿಯೇ ಹಾಕಬೇಕು, ರಾತ್ರಿ ಪಾದ ಪರೀಕ್ಷಿಸಿಕೊಳ್ಳಬೇಕು.

ಹಿಂದೆ ಕೂತವರ ಕಾಲು

ಬೂಟಿನ ಮಾತು ಬಂದಾಗಲೆಲ್ಲ ಓಡಿಸುವವರ ಕಾಲೇ ನೆನಪಾಗುತ್ತದೆ. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಅಮ್ಮ, ಮಧ್ಯೆ ಕೂತ ಮಗು ಬರಿಗಾಲಲ್ಲೋ ಚಪ್ಪಲಿಯಲ್ಲೋ ಇರುತ್ತಾರೆ. ಮಕ್ಕಳ ಹಿಮ್ಮಡಿ ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಗಾಯ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂಬದಿ ಸವಾರರಿಗೆ ಹಿಡಿ, ಫುಟ್‌ರೆಸ್ಟ್ ಮತ್ತು ಹಿಂಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ಗಾರ್ಡ್ ಇರಬೇಕು. ಬೈಕ್ ಚೆನ್ನಾಗಿ ಕಾಣಲಿ ಎಂದು ಆ ಗಾರ್ಡ್ ತೆಗೆಸಿದ್ದರೆ ಇಂದೇ ಹಾಕಿಸಿ. ಮಗುವಿಗೆ ಹಿಮ್ಮಡಿ ಮುಚ್ಚುವ ಶೂ ಹಾಕಿಸಿ.

ಸೈಲೆನ್ಸರ್ ತಗುಲಿ ಕಾಲು ಸುಟ್ಟರೆ ಟೂತ್‌ಪೇಸ್ಟ್, ಇಂಕು, ಅರಿಶಿನ ಹಚ್ಚಬೇಡಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗುಳ್ಳೆ ದೊಡ್ಡದಿದ್ದರೆ ಆಸ್ಪತ್ರೆಗೆ ತೋರಿಸಿ.

ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು?

ಹೆಲ್ಮೆಟ್. ಇದರಲ್ಲಿ ಎರಡು ಮಾತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ತಲೆಯ ಗಾಯ ಪ್ರಾಣ ತೆಗೆಯುತ್ತದೆ. ಕಾಲಿನ ಗಾಯ ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ, ಆದರೆ ದುಡಿಮೆ ತೆಗೆಯುತ್ತದೆ. ಗಾರೆ ಕೆಲಸದವರಿಗೆ, ಹೊಲದಲ್ಲಿ ದುಡಿಯುವವರಿಗೆ, ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಎರಡು ತಿಂಗಳು ಕಾಲೂರಲಾಗದಿದ್ದರೆ ಮನೆ ನಡೆಯುವುದು ಹೇಗೆ?

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಓಡಿಸುವವರಿಗೂ ಹಿಂದೆ ಕೂರುವವರಿಗೂ ಐಎಸ್‌ಐ ಹೆಲ್ಮೆಟ್. ನಂತರ ಕೀಲು ಮುಚ್ಚುವ ಗಟ್ಟಿ ಬೂಟ್, ಅದು ಸೇಫ್ಟಿ ಶೂ ಆದರೂ ಸರಿ. ದಿನಾ ಹೆದ್ದಾರಿಯಲ್ಲಿ ದೂರ ಓಡಾಡುವವರಾದರೆ, ಕೈಯಲ್ಲಿ ಹಣ ಕೂಡಿದಾಗ ಇಎನ್ 13634 ಗುರುತಿನ ಬೂಟ್.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಚಪ್ಪಲಿಗೆ ದಂಡ ಇಲ್ಲ, ಆದರೆ ಚಪ್ಪಲಿಯಿಂದ ರಕ್ಷಣೆಯೂ ಇಲ್ಲ. ಪಾದದ ಕೀಲು ಮುಚ್ಚುವ, ತಿರುಚಿದರೆ ತಿರುಗದ, ಎಳೆದರೆ ಕಳಚದ, ಜಾರದ ಸೋಲ್ ಇರುವ ಬೂಟ್ ಹಾಕಿ. ಹೆಲ್ಮೆಟ್ ಮೊದಲು, ಬೂಟ್ ಆಮೇಲೆ. ಹಿಂದೆ ಕೂತವರ ಕಾಲನ್ನೂ ನೋಡಿ.