ಲೈಟಿಗೂ ಲೈಟಿಗೂ ವ್ಯತ್ಯಾಸ ಇದೆ ಮಾರಾಯ್ರೆ

"ಅಮೆರಿಕದಲ್ಲೂ ರಾತ್ರಿ ಲೈಟಿನ ಕೆಳಗೇ ಮೀನು ಹಿಡಿಯೋದಲ್ವಾ? ನಮ್ಮ ಬೋಟಿನವರು ಹಿಡಿದ್ರೆ ಮಾತ್ರ ಎಂತ ತಪ್ಪು?" ಮೊನ್ನೆ ಫೋನಲ್ಲಿ ಊರಿನ ಗೆಳೆಯನೊಬ್ಬ ಕೇಳಿದ. ಅವನ ಮನೆಯಲ್ಲಿ ಪರ್ಸೀನ್ ಬೋಟಿದೆ. ನಾನು ಇಲ್ಲಿ ಫ್ಲೋರಿಡಾದ ಸರಸೋಟಾದಲ್ಲಿ ವೀಕೆಂಡ್ ರಾತ್ರಿ ಫ್ಲೈ ರಾಡ್ ಹಿಡ್ಕೊಂಡು ತಿರುಗೋ ಆಸಾಮಿ ಅಂತ ಗೊತ್ತಿದ್ದೇ ಚುಚ್ಚಿದ್ದು. ಫೋನಲ್ಲಿ ಮುಗೀಲಿಲ್ಲ, ಇಲ್ಲಿ ಮುಂದುವರಿಸ್ತೀನಿ.

ಇಲ್ಲಿ ನೀರಿನ ಅಂಚಿನ ಮನೆಗಳ ಹಿಂದೆ ಡಾಕ್ ಇರುತ್ತೆ, ಅಂದ್ರೆ ನೀರೊಳಗೆ ಚಾಚಿದ ಮರದ ಕಟ್ಟೆ. ಅದಕ್ಕೊಂದು ಲೈಟು. ಬೆಳಕಿಗೆ ಪ್ಲಾಂಕ್ಟನ್ ಬರುತ್ತೆ, ಅದಕ್ಕೆ ಸಣ್ಣ ಮೀನು, ಸಿಗಡಿ, ಅವನ್ನ ತಿನ್ನೋಕೆ ಸ್ನೂಕ್. ಆದ್ರೆ ದೊಡ್ಡ ಸ್ನೂಕ್ ಬೆಳಕಲ್ಲಿ ನಿಲ್ಲಲ್ಲ. ನೆರಳಿನ ಗೆರೆಯಾಚೆ, ಹರಿವಿಗೆ ಮುಖ ಮಾಡಿ ಕಾಯುತ್ತೆ. ನಾವು ಎರಡಿಂಚಿನ ಬಿಳಿ ಫ್ಲೈಯನ್ನ ಹರಿವಿನ ಮೇಲ್ಗಡೆ ಎಸೆದು, ಮರಿಮೀನು ತೇಲಿ ಬಂದ ಹಾಗೆ ತರಬೇಕು. ಎಳೆತ ಚೂರು ತಪ್ಪಿದ್ರೂ ಹಿಂದೆಯೇ ಬಂದು, ಮೂಸಿ, ಮುಖ ತಿರುಗಿಸಿ ಹೋಗುತ್ತೆ! ಸಿಕ್ಕಿಹಾಕ್ಕೊಂಡ್ರೂ ನೇರ ಕಂಬಗಳ ಮಧ್ಯೆ ನುಗ್ಗುತ್ತೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ, ದಾರ ಕಟ್. ಕಣ್ಣೆದುರೇ ಇಪ್ಪತ್ತು ಮೀನಿದ್ದು ರಾತ್ರಿ ಎರಡು ಗಂಟೆಗೆ ಬರಿಗೈಲಿ ಬಂದ ದಿನಗಳು ಎಷ್ಟೋ. (ಮನೆಯಲ್ಲಿ ನಂಬೋದಿಲ್ಲ, ಅದು ಬೇರೆ ಕಥೆ.)

ಇಷ್ಟೆಲ್ಲಾ ಆಗಿ ಸಿಕ್ಕಿದ್ರೂ, 1957ರಿಂದ ಸ್ನೂಕ್ ಮಾರುವಂತಿಲ್ಲ. ಈ ಕರಾವಳಿಯಲ್ಲಿ ಮನೆಗೆ ಒಯ್ಯೋದಾದ್ರೆ 28ರಿಂದ 33 ಇಂಚಿನೊಳಗಿನ ಒಂದೇ ಒಂದು. ಮೊಟ್ಟೆಯಿಡೋ ಬೇಸಿಗೆಯಲ್ಲಿ ಅದೂ ಇಲ್ಲ.

ಈಗ ನಮ್ಮ ಕಡಲಿಗೆ ಬನ್ನಿ. ಜನರೇಟರ್, ಕಣ್ಣು ಕುಕ್ಕೋ ಎಲ್‌ಇಡಿ, ಸುತ್ತ ಇಳಿಸಿ ತಳವನ್ನೇ ಬಿಗಿಯೋ ಬಲೆ. ಬಂಗುಡೆ, ಬೊಂಡಾಸ್, ಇನ್ನೂ ಮೊಟ್ಟೆಯಿಡದ ಮರಿ, ಎಲ್ಲಾ ಒಟ್ಟಿಗೆ. ಮುಖ ತಿರುಗಿಸಿ ಹೋಗೋ ಅವಕಾಶ ಯಾವ ಮೀನಿಗಿದೆ? ಬೆಳಕಿನ ತತ್ವ ಎರಡು ಕಡೆಯೂ ಒಂದೇ, ಒಪ್ಪಿದೆ. ಸರ್ವರಿಗೆ ಒಂದು ರಿಕ್ವೆಸ್ಟ್ ಕಳಿಸೋದೂ, ಅದು ಮಗುಚಿ ಬೀಳೋವರೆಗೆ ಕಳಿಸ್ತಾ ಇರೋದೂ ತತ್ವದಲ್ಲಿ ಒಂದೇ ಅಲ್ವಾ! ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ಇದನ್ನ ನಿಷೇಧಿಸಿತು. ಅದಾದ ಮೇಲೂ ನಾಡದೋಣಿಯವರು ಬೀದಿಗಿಳಿದು ಅದೇ ಆದೇಶವನ್ನ ನೆನಪಿಸಬೇಕಾಯ್ತು.

"ನಿಂಗೆ ಶೋಕಿ, ನಮಗೆ ಹೊಟ್ಟೆಪಾಡು" ಅಂದ ಗೆಳೆಯ. ಈ ಮಾತು ನಾಟಿತು, ಸುಳ್ಳು ಹೇಳಲ್ಲ. ಫ್ಲೋರಿಡಾದಲ್ಲಿ 1994ರಲ್ಲಿ ಜನಮತದಿಂದ ಗಿಲ್‌ನೆಟ್ ನಿಷೇಧವಾದಾಗ ಪಕ್ಕದ ಕಾರ್ಟೆಜ್ ಹಳ್ಳಿಯ ಮಲೆಟ್ ಹಿಡಿಯುವವರ ಕಸುಬಿಗೆ ಪೆಟ್ಟು ಬಿತ್ತು, ಗೆದ್ದದ್ದು ನನ್ನಂಥ ಶೋಕಿಯವರು. ಅದರ ಬಗ್ಗೆ ನಂಗೆ ಹೆಮ್ಮೆಯಿಲ್ಲ. ಆದ್ರೆ ಹೊಟ್ಟೆಪಾಡಿನ ಮಾತು ನಾಡದೋಣಿಯವನು ಆಡ್ಲಿ, ತಲೆ ಬಗ್ಗಿಸಿ ಕೇಳ್ತೀನಿ. ಕಡಲಿಗೆ ಜನರೇಟರ್ ಒಯ್ಯುವವನ ಬಾಯಲ್ಲಿ ಬೇಡ.

"ಊರಿಗೆ ಬಂದಾಗ ನಮ್ಮ ಬೋಟಿಗೆ ಬಾ, ನೋಡು" ಅಂದಿದ್ದಾನೆ. ಬರ್ತೀನಿ ಮಾರಾಯ, ಹಗಲು ಹೊತ್ತಲ್ಲಿ ಕರಿ.