ಎರೆಯ ಹಾದಿಯಲ್ಲಿ ಸಣ್ಣ ಕಾರು

ಸೀಗಿ ಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ಭಾಗದ ಮನೆಗಳಲ್ಲಿ ಹೊಲಕ್ಕೆ ಹೋಗುವ ಸಂಭ್ರಮ ಆರಂಭವಾಗುತ್ತದೆ. ಬುತ್ತಿ ಕಟ್ಟಿಕೊಂಡು, ಬೆಳೆಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಬಂಧುಗಳೊಡನೆ ಕುಳಿತು ಉಣ್ಣುವ ದಿನವದು. ಹಿಂದೆ ಈ ಪಯಣಕ್ಕೆ ಚಕ್ಕಡಿ ಹೂಡುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಆ ಸ್ಥಾನಕ್ಕೆ ಸಣ್ಣ ಕಾರು ಬಂದಿದೆ. ಆದರೆ ಸೀಗಿ ಹುಣ್ಣಿಮೆ ಬರುವುದು ಹಸ್ತ, ಚಿತ್ತಿ ಮಳೆಗಳ ಕಾಲದಲ್ಲಿ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬಿರುಕುಬಿಟ್ಟು ಕಲ್ಲಿನಂತಾಗುವ ಎರೆ ನೆಲವು ಆಗಿನ್ನೂ ಹಸಿಯಾಗಿರುತ್ತದೆ. ಡಾಂಬರು ರಸ್ತೆ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ನಿಂತಲ್ಲೇ ತಿರುಗತೊಡಗುತ್ತದೆ. ಹಿರಿಯರು, ಬಾಣಂತಿಯರು, ಮಕ್ಕಳು ಒಳಗೆ ಕುಳಿತಿರುವಾಗ ಇಂಥ ಸ್ಥಿತಿ ಒದಗಿದರೆ ಹಬ್ಬದ ಸಂತೋಷವೆಲ್ಲ ಇಂಗಿ ಹೋಗುವುದು.

ಶೀತ ದೇಶಗಳಲ್ಲಿ ಹಿಮದ ರಸ್ತೆಗೆಂದೇ ಬೇರೆ ಟೈರು, ಸರಪಳಿ ಮುಂತಾದ ಸಾಧನಗಳನ್ನು ಬಳಸುತ್ತಾರೆ. ಕೆರೂರು, ಬಾದಾಮಿ, ಹುನಗುಂದಗಳ ಕಡೆ ಹಿಮವಿಲ್ಲ. ನಮ್ಮ ಹಿಮವೆಂದರೆ ಎರೆಯ ರಾಡಿ. ಅದಕ್ಕೆ ತಕ್ಕ ಸಾಧನ ಯಾವುದು, ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ಈ ಸಲ ವಿಚಾರಿಸೋಣ.

ಮೊದಲು ನೆಲದ ಗುಣವನ್ನು ತಿಳಿಯಬೇಕು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಸುತ್ತಲಿನ ಮಸಾರಿ ನೆಲವು ಮಳೆ ನಿಂತ ಕೆಲವೇ ಗಂಟೆಗಳಲ್ಲಿ ನೀರು ಬಸಿದುಕೊಂಡು ಗಟ್ಟಿಯಾಗುತ್ತದೆ. ಮಲಪ್ರಭೆಯ ಬಯಲಿನ ಎರೆ ಹಾಗಲ್ಲ. ಅದರಲ್ಲಿರುವ ಅತಿ ಸೂಕ್ಷ್ಮವಾದ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಹಸಿಯಾದ ಎರೆ ಟೈರಿನ ಗೆರೆಗಳೊಳಗೆ ಮೆತ್ತಿಕೊಂಡು ಅವನ್ನು ತುಂಬಿಬಿಡುತ್ತದೆ. ಆಗ ಹೊಸ ಟೈರು ಕೂಡ ಬೋಳು ಟೈರಿನಂತೆಯೇ ಜಾರುತ್ತದೆ. ಮೇಲೆ ಒಣಗಿದಂತೆ ಕಾಣುವ ಹೆಪ್ಪಿನ ಕೆಳಗೆ ಬೆಣ್ಣೆಯಂಥ ಮಣ್ಣು ಇರುವುದುಂಟು. ಆದ್ದರಿಂದ ಕಣ್ಣನ್ನು ನಂಬದೆ, ಇಳಿದು ಕಾಲಿನಿಂದ ತುಳಿದು ನೋಡುವುದೇ ಸರಿ. ಹಿಮ್ಮಡಿ ಹುಗಿದರೆ ಗಾಲಿಯೂ ಹುಗಿಯುತ್ತದೆ.

ಸಾಧನಗಳಲ್ಲಿ ಮೊದಲನೆಯದು ಟೈರು. ಕಾರು ನೆಲವನ್ನು ಮುಟ್ಟುವುದು ಪ್ರತಿ ಗಾಲಿಯಲ್ಲಿ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಆ ನಾಲ್ಕು ಅಂಗೈಗಳ ಮೇಲೆಯೇ ಇಡೀ ಕುಟುಂಬದ ಭಾರ. ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಅದನ್ನು ಬದಲಿಸಲೇಬೇಕು. ಆ ಮಟ್ಟವನ್ನು ತೋರಿಸುವ ಸಣ್ಣ ದಿಬ್ಬಗಳನ್ನು ಗೆರೆಗಳ ನಡುವೆಯೇ ಅಚ್ಚು ಹಾಕಿರುತ್ತಾರೆ. ಮಳೆಗಾಲದ ದೃಷ್ಟಿಯಿಂದ 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುವುದು ಜಾಣತನ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 3522 ಎಂದಿದ್ದರೆ ಅದು 2022ರ 35ನೆಯ ವಾರದಲ್ಲಿ ತಯಾರಾದದ್ದು. ಗೆರೆ ಸವೆಯದಿದ್ದರೂ ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕೊಳ್ಳುವಾಗ ಈ ಅಂಕಿಯನ್ನು ಕೇಳಿ ನೋಡಿಕೊಳ್ಳಿರಿ.

ಅಂದಕ್ಕಾಗಿ ಅಗಲವಾದ ಟೈರು ಹಾಕಿಸುವ ರೂಢಿಯೊಂದು ತರುಣರಲ್ಲಿದೆ. ತೆಳುವಾದ ರಾಡಿಯಲ್ಲಿ ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಚಕ್ಕಡಿಯ ಗಾಲಿ ಏಕೆ ಅಷ್ಟು ಕಿರಿದಾಗಿತ್ತು ಎಂಬುದನ್ನು ನೆನೆಯಿರಿ. ಅದು ಮೇಲಿನ ಮೆತ್ತನೆಯ ಪದರವನ್ನು ಕತ್ತರಿಸಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತಿತ್ತು. ಸಣ್ಣ ಕಾರಿಗೆ ತಯಾರಕರೇ ಕೊಡುವ 145ರಿಂದ 165 ಮಿಲಿಮೀಟರ್ ಅಗಲದ ಟೈರು ಈ ಕೆಲಸಕ್ಕೆ ಸಾಕು.

ಎರಡನೆಯದು ಗಾಲಿಗೆ ಕಟ್ಟುವ ಸರಪಳಿ ಮತ್ತು ಪಟ್ಟಿಗಳು. ಪ್ಲಾಸ್ಟಿಕ್ ಪಟ್ಟಿಗಳು ಈಗ ಅಂಚೆಯಲ್ಲಿಯೇ ಮನೆಬಾಗಿಲಿಗೆ ಬರುತ್ತವೆ. ಇವು ರಾಡಿಯನ್ನು ಕಚ್ಚುವುದು ನಿಜ. ಆದರೆ ಕೊಳ್ಳುವ ಮೊದಲು ಮೂರು ಸಂಗತಿಗಳನ್ನು ನೋಡಬೇಕು. ಗಾಲಿಯ ತಟ್ಟೆಯಲ್ಲಿ ಪಟ್ಟಿ ತೂರುವಷ್ಟು ರಂಧ್ರಗಳಿರಬೇಕು. ಟೈರಿಗೂ ಒಳಗಿನ ಸ್ಪ್ರಿಂಗು, ಬ್ರೇಕಿನ ಕೊಳವೆಗಳಿಗೂ ನಡುವೆ ತಕ್ಕಷ್ಟು ಅಂತರವಿರಬೇಕು. ಸಣ್ಣ ಕಾರುಗಳಲ್ಲಿ ಈ ಅಂತರ ಬಹಳ ಕಡಿಮೆ. ಕಾರಿನೊಡನೆ ಕೊಟ್ಟ ಕೈಪಿಡಿಯಲ್ಲಿ ಬೇಡವೆಂದಿದ್ದರೆ ಆ ಗೊಡವೆಗೇ ಹೋಗಬಾರದು. ಮೂರನೆಯದಾಗಿ, ಇವನ್ನು ಎಂಜಿನ್ನು ತಿರುಗಿಸುವ ಗಾಲಿಗಳಿಗೇ ಕಟ್ಟಬೇಕು. ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳಲ್ಲಿ ಅವು ಮುಂದಿನ ಗಾಲಿಗಳು. ಡಾಂಬರು ರಸ್ತೆ ಮುಟ್ಟಿದೊಡನೆ ಬಿಚ್ಚದಿದ್ದರೆ ಪಟ್ಟಿ ಹರಿದು ಗಾಲಿಗೆ ಸುತ್ತಿಕೊಂಡೀತು. ತೋಟದ ಮನೆಯಲ್ಲಿಯೇ ವಾಸಿಸುತ್ತ ದಿನವೂ ಕಚ್ಚಾ ಹಾದಿಯಲ್ಲಿ ಓಡಾಡುವವರಿಗೆ ಇದು ಪ್ರಯೋಜನಕರ. ವರ್ಷಕ್ಕೆ ಎರಡು ಸಲ ಹೊಲಕ್ಕೆ ಹೋಗುವವರಿಗೆ ಈ ವೆಚ್ಚ ಅನಾವಶ್ಯಕ.

ಮೂರನೆಯವು ಮನೆಯಲ್ಲಿಯೇ ಇರುವ ಸಾಧನಗಳು. ನಾಲ್ಕು ಗೋಣಿ ಚೀಲ, ಒಂದು ಸಲಿಕೆ, ಎರಡು ಮೊಳಗೈ ಉದ್ದದ ಎರಡು ಹಲಗೆ, ಒಂದು ಗಟ್ಟಿ ಹಗ್ಗ. ಇವುಗಳ ಬೆಲೆ ಅಲ್ಪ, ಉಪಕಾರ ದೊಡ್ಡದು. ಗಾಲಿ ಹುಗಿದಾಗ ಅದರ ಮುಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆದು, ಗೋಣಿ ಚೀಲವನ್ನು ಟೈರಿನ ಕೆಳಗೆ ಒತ್ತಿ ಸೇರಿಸಬೇಕು. ಕಣಕಿ, ತೊಗರಿ ಕಟ್ಟಿಗೆ, ಗರಸು ಯಾವುದಾದರೂ ಆದೀತು. ಗಾಲಿ ತಿರುಗಿದಾಗ ಚೀಲವೋ ಹಲಗೆಯೋ ಹಿಂದಕ್ಕೆ ರಭಸದಿಂದ ಚಿಮ್ಮುವುದರಿಂದ ಗಾಲಿಯ ನೇರಕ್ಕೆ ಯಾರೂ ನಿಲ್ಲಬಾರದು. ಮಕ್ಕಳನ್ನಂತೂ ದೂರವೇ ನಿಲ್ಲಿಸಬೇಕು.

ಇನ್ನು ಚಾಲಕನ ಕಾಲು. ಸಾಧನಗಳಿಗೆಲ್ಲ ಒಡೆಯನೆಂದರೆ ಅದೇ. ಗಾಲಿ ಜಾರಿದೊಡನೆ ಎಂಜಿನ್ನನ್ನು ಅಬ್ಬರಿಸುವುದು ಸಾಮಾನ್ಯ ಪ್ರವೃತ್ತಿ. ಜಾರುವ ಗಾಲಿಗಿಂತ ಜಾರದೆ ಉರುಳುವ ಗಾಲಿಗೆ ಹಿಡಿತ ಹೆಚ್ಚು. ಅಬ್ಬರಿಸಿದಷ್ಟೂ ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎರಡನೆಯ ಗೇರಿನಲ್ಲಿ, ಮೆಲ್ಲಗೆ, ಚಕ್ರವನ್ನು ನೇರವಾಗಿರಿಸಿ ಹೊರಡಬೇಕು. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ನೆಲವನ್ನು ಹೆಚ್ಚು ಅಪ್ಪಿಕೊಳ್ಳುತ್ತದೆ. ಆದರೆ ಮತ್ತೆ ತುಂಬುವ ಪಂಪು ಜೊತೆಗಿಲ್ಲದೆ ಹೀಗೆ ಮಾಡಕೂಡದು. ಗಾಳಿ ಕಡಿಮೆಯಾದ ಟೈರಿನಲ್ಲಿ ಹೆದ್ದಾರಿಯ ವೇಗವು ಅಪಾಯಕಾರಿ. ಕಾರಿನ ತಳವೇ ಮಣ್ಣಿಗೆ ಕುಳಿತಿದ್ದರೆ ಯಾವ ಉಪಾಯವೂ ನಡೆಯದು. ಟ್ರ್ಯಾಕ್ಟರನ್ನು ಕರೆಯಿಸಿ, ಎಳೆಯಲೆಂದೇ ಕೊಟ್ಟಿರುವ ಕೊಂಡಿಗೆ ಹಗ್ಗ ಕಟ್ಟಿಸಿ ನಿಧಾನವಾಗಿ ಎಳೆಸಬೇಕು. ಬಂಪರಿಗೆ ಕಟ್ಟಿದರೆ ಬಂಪರು ಮಾತ್ರ ಬಂದೀತು.

ಹೊರಬಂದ ಮೇಲೆ ಗಾಲಿಗಳ ಒಳಭಾಗವನ್ನು ತೊಳೆಯದೆ ಹೆದ್ದಾರಿಗೆ ಏರಬಾರದು. ಒಳಗೆ ಒಣಗಿದ ಎರೆಯು ಗಾಲಿಯ ಸಮತೋಲ ಕೆಡಿಸಿ ಕಾರನ್ನು ನಡುಗಿಸುತ್ತದೆ. ಅಷ್ಟೇ ಅಲ್ಲ, ನಮ್ಮ ಗಾಲಿಯಿಂದ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲೆ ಬಿದ್ದ ಹಸಿ ಮಣ್ಣಿನ ಮೇಲೆ ಹಿಂದೆ ಬರುವ ಬೈಕಿನವನು ಜಾರಿ ಬೀಳಬಹುದು. ನಮ್ಮ ಮನೆಯವರ ಕ್ಷೇಮದಷ್ಟೇ ಅನ್ಯರ ಮನೆಯವರ ಕ್ಷೇಮವೂ ನಮ್ಮ ಹೊಣೆ.

ಹೊರದೇಶಗಳಲ್ಲಿರುವ ಮಕ್ಕಳ ಬಗೆಗೂ ಒಂದು ಮಾತು. ಜರ್ಮನಿಯಲ್ಲಿ ಹಿಮವಿರುವ ರಸ್ತೆಗೆ ಚಳಿಗಾಲದ ಟೈರು ಕಡ್ಡಾಯ. 2024ರ ಅಕ್ಟೋಬರಿನಿಂದ ಮೂರು ಶಿಖರಗಳ ನಡುವೆ ಹಿಮದ ಹೂವಿನ ಚಿಹ್ನೆಯುಳ್ಳವು ಮಾತ್ರ ಅಲ್ಲಿ ಮಾನ್ಯವಾಗಿವೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ವರೆಗೆ ಕಡ್ಡಾಯ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ಟೈರಿನ ರಬ್ಬರು ಗಡುಸಾಗುತ್ತದೆ, ಚಳಿಗಾಲದ ಟೈರು ಮೆತ್ತಗೇ ಉಳಿಯುತ್ತದೆ. ಉಳಿತಾಯಕ್ಕೆಂದು ಎರಡೇ ಗಾಲಿಗೆ ಹಾಕಿಸಿದರೆ ತಿರುವಿನಲ್ಲಿ ಕಾರು ಅಡ್ಡ ತಿರುಗುವ ಭಯವಿರುವುದರಿಂದ ನಾಲ್ಕಕ್ಕೂ ಹಾಕಿಸತಕ್ಕದ್ದು. ಫೋನಿನಲ್ಲಿ ಊಟದ ವಿಚಾರ ಕೇಳುವ ತಾಯಂದಿರು ಟೈರಿನ ವಿಚಾರವನ್ನೂ ಕೇಳಲಿ.

ಕಡೆಯದಾಗಿ, ಯಾವ ಸಾಧನವೂ ನೀರಿಗೆ ಎದುರು ನಿಲ್ಲುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೇ ಹೊಕ್ಕಿದ್ದನ್ನು ನಾವು ಕಂಡಿದ್ದೇವೆ. ರಭಸದಿಂದ ಹರಿಯುವ ಒಂದು ಅಡಿ ನೀರು ಸಾಕು, ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಲು. ಹಳ್ಳ ಬಂದಿದ್ದರೆ ಈಚೆ ದಂಡೆಯಲ್ಲಿಯೇ ನಿಲ್ಲಬೇಕು. ಹೊಲದ ಪೂಜೆ ಮರುದಿನವಾದರೂ ನಡೆದೀತು.

ಹೀಗಾಗಿ ಗೃಹಸ್ಥರಿಗೆ ನಮ್ಮ ಸಲಹೆಯಿದು: ಹಣವನ್ನು ಮೊದಲು ಒಳ್ಳೆಯ ಟೈರಿಗೆ ಹಾಕಿರಿ, ಡಿಕ್ಕಿಯಲ್ಲಿ ಗೋಣಿ ಚೀಲ, ಸಲಿಕೆ, ಹಗ್ಗ ಇರಲಿ, ಹಾದಿ ಹಸಿಯಿದ್ದರೆ ಕಾರನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ನಡೆಯಬಲ್ಲವರು ಬುತ್ತಿ ಹೊತ್ತು ನಡೆಯಿರಿ, ನಡೆಯಲಾರದ ಹಿರಿಯರಿಗೆ ನೆರೆಹೊಲದವರ ಚಕ್ಕಡಿಯನ್ನು ಕೇಳಿರಿ. ಕೇಳುವುದರಲ್ಲಿ ಸಂಕೋಚವೇನಿದೆ? ಅವರೂ ಅದೇ ಹಾದಿಯಲ್ಲಿ ಚರಗ ಚೆಲ್ಲಲು ಹೊರಟವರೇ.